ಫಿರಂಗಿ ಚಾರ್ಜ್ ಆಗುವವರೆಗೆ

ಮಧ್ಯಾಹ್ನದ ಊಟವಾದ ಮೇಲೆ ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಈ ವರ್ಷ ಮಳೆ ಇಳಿಯುವ ಹೊತ್ತಿಗೆ ಅದು ಇನ್ನೂ ಹೆಚ್ಚಾಗಿತ್ತು. ವೆರಾಂಡಾದಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ವೆರಾಂಡಾಕ್ಕೆ. ಅಣ್ಣ ಒಳಗಿನಿಂದ ಕೂಗುತ್ತಿದ್ದ: "ಎಂತದು ನಿನ್ನ ಪೆರೇಡ್? ಬಾ, ಯುದ್ಧ ಶುರುವಾಗ್ತದೆ."

ಯುದ್ಧವೆಂದರೆ ಜಪಾನಿನ ಹಳೆಯ ಕಾರ್ಟೂನು. ಅಣ್ಣ ಸೈನ್ಯದ ಫಿರಂಗಿ ದಳದಲ್ಲಿದ್ದವನು. ಕಣ್ಣಿನ ಆಪರೇಷನ್ ಆದ ಮೇಲೆ ಪೇಪರ್ ಓದಲಾಗದೆ ಟಿವಿ ಹಿಡಿದ. ಕ್ರಿಕೆಟ್ ಸಾಕಾಗಿ, ಏನೇನೋ ಒತ್ತುತ್ತಾ ಈ ಬಾಹ್ಯಾಕಾಶದ ಹಡಗುಗಳ ಬಳಿ ಬಂದು ನಿಂತ. ಮಾತೆಲ್ಲ ಜಪಾನೀಸ್, ಕೆಳಗೆ ಇಂಗ್ಲಿಷ್ ಸಾಲು. ಆ ಸಣ್ಣ ಅಕ್ಷರ ಅವನಿಗೆ ಕಾಣದು. ಗಂಡ ಹೋದ ಮೇಲೆ ತವರಿಗೆ ಬಂದು ಸೇರಿದ ತಂಗಿ ನಾನು, ಕಾನ್ವೆಂಟ್‌ನಲ್ಲಿ ಎಲೊಕ್ಯೂಷನ್ ಪ್ರೈಜ್ ಪಡೆದವಳು, ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕು. "ಆಲ್ ಪವರ್ ಟು ದ ಮೇನ್ ಗನ್!" ಎಂದು ನಾನು ಬೆನ್ನು ನೆಟ್ಟಗಿಟ್ಟು, ಕೊನೆಯ ಅಕ್ಷರ ನುಂಗದೆ ಓದುವುದನ್ನು ಕಾನ್ವೆಂಟಿನ ನಮ್ಮ ಸಿಸ್ಟರ್‌ಗಳು ಕೇಳಿದ್ದರೆ ಏನೆನ್ನುತ್ತಿದ್ದರೋ!

ನಾವು ನೋಡುತ್ತಿದ್ದದ್ದು ಎರಡು ಸೀರೀಸ್. ಒಂದರಲ್ಲಿ ಒಂಟಿ ದೊಡ್ಡ ಹಡಗು. ಅದರ ಮೂತಿಯೇ ಫಿರಂಗಿ. ಅದನ್ನು ಹಾರಿಸಬೇಕಾದರೆ ಹಡಗಿನ ದೀಪಗಳೆಲ್ಲ ಆರಿ ಇದ್ದಬದ್ದ ಶಕ್ತಿ ಅದಕ್ಕೇ ಹೋಗಬೇಕು. ಇನ್ನೊಂದರಲ್ಲಿ ಬೂದುಬಣ್ಣದ ಸಣ್ಣ ಹಡಗುಗಳ ಸಾಲು. ಯಾವುದಕ್ಕೂ ಅಂಥ ಗತ್ತಿಲ್ಲ, ಆದರೆ ಒಂದು ಹಿಂದೆ ಸರಿದರೆ ಪಕ್ಕದ್ದು ಮುಂದೆ ಬರುತ್ತದೆ. ಇವೆರಡೂ ಎದುರಾದರೆ ಗೆಲ್ಲುವುದು ಯಾರು ಎಂಬುದೇ ನಮ್ಮ ದಿನದ ಜಗಳ.

"ಒಂದೇ ಶಾಟ್. ಫಿನಿಶ್," ಎನ್ನುತ್ತಿದ್ದ ಅಣ್ಣ.

"ಆ ಶಾಟ್ ಚಾರ್ಜ್ ಆಗುವವರೆಗೆ ನಿನ್ನ ಹಡಗು ಕತ್ತಲೆಯಲ್ಲಿ ಪಿಳಿಪಿಳಿ ಅಂತ ನಿಂತಿರ್ತದಲ್ಲ, ಆಗ?"

"ರೇಂಜ್ ಎಷ್ಟು ಗೊತ್ತುಂಟಾ ಅದರದ್ದು? ನಿನ್ನ ಸೊಳ್ಳೆಗಳು ಹತ್ತಿರ ಬರುವ ಮೊದಲೇ ಬೂದಿ."

"ಸೊಳ್ಳೆ ಚದುರಿ ಬಂದ್ರೆ ಯಾವುದಕ್ಕೆ ಗುರಿ ಇಡ್ತೀ?"

"ಗುರಿಯ ವಿಷಯ ನನಗೆ ಹೇಳಿಕೊಡ್ತಾಳೆ, ಪಿಯಾನೋ ಕಲಿತವಳು!"

ನಗುತ್ತಿದ್ದೆವು. ಆದರೆ ನನ್ನ ಕಣ್ಣು ಪರದೆಯ ಮೇಲಿರುತ್ತಿರಲಿಲ್ಲ, ರಿಮೋಟ್ ಹಿಡಿದ ಅವನ ಬಲಗೈಯ ಮೇಲಿರುತ್ತಿತ್ತು. ಬೇಸಿಗೆಯಿಂದ ಅದು ನಡುಗುತ್ತಿತ್ತು. ಕೈಲ್ ಪೊಳ್ದ್, ನಮ್ಮ ಕಡೆಯ ಆಯುಧಪೂಜೆಯ ಹಬ್ಬ, ಹತ್ತಿರ ಬಂದಿತ್ತು. ಗದ್ದೆಯ ನಾಟಿಗೆ ಇಳಿಯುವಾಗ ದೇವರ ಕೋಣೆಯಲ್ಲಿಟ್ಟ ಕೋವಿಯನ್ನು ಆ ದಿನವೇ ಪೂಜೆ ಮಾಡಿ ಹೊರತೆಗೆಯುವುದು. ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಮೊದಲ ಗುಂಡು ನಮ್ಮ ಮನೆಯಲ್ಲಿ ಹಿರಿಯನದು, ಅಂದರೆ ಅಣ್ಣನದು. ಅಂಗಳದ ತುಂಬ ಮಕ್ಕಳುಮರಿ ನಿಂತಿರುತ್ತವೆ.

"ಆಂಟಿ, ಅಪ್ಪ ಈ ಸಲ ಕೋವಿ ಎತ್ತದ ಹಾಗೆ ನೀವೇ ಮಾಡ್ಬೇಕು. ನಾನು ಹೇಳಿದ್ರೆ ಊಟ ಬಿಡ್ತಾರೆ," ಎಂದು ಅವನ ಮಗಳು ಫೋನಿನಲ್ಲಿ ಹೇಳಿದ್ದಳು. ನನ್ನ ಪೆರೇಡ್ ಹೆಚ್ಚಾದದ್ದು ಆಗಿನಿಂದಲೇ. ಫಿರಂಗಿ ಹಾರಿಸಿದವನಿಗೆ ನಿನ್ನ ಕೈ ಸರಿಯಿಲ್ಲ ಎಂದು ಹೇಳುವುದು ಹೇಗೆ?

ಒಂದು ಮಧ್ಯಾಹ್ನ ಹಡಗಿನ ನೆಪದಲ್ಲೇ ಹೇಳಿದೆ. "ಎಷ್ಟು ದೊಡ್ಡ ಹಡಗಾದ್ರೂ ಒಂದು ದಿನ ರಿಪೇರಿಗೆ ಡಾಕ್‌ನಲ್ಲಿ ನಿಲ್ಲಬೇಕಲ್ಲ."

ಅವನು ಟಿವಿ ನಿಲ್ಲಿಸಿದ. "ನೀನು ಮಾತಾಡ್ತಿರುವುದು ಹಡಗಿನ ವಿಷಯವಾ, ನನ್ನ ಕೈಯ ವಿಷಯವಾ?"

ನಾನು ವೆರಾಂಡಾಕ್ಕೆಂದು ಎದ್ದೆ. ಅವನು ಮತ್ತೆ ಟಿವಿ ಹಚ್ಚಿದ. "ಓದು."

ಪರದೆಯಲ್ಲಿ ಮುದಿ ಕ್ಯಾಪ್ಟನ್ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ. ಫಿರಂಗಿಯ ಮುಂದಿದ್ದವಳು ಒಬ್ಬ ಹುಡುಗಿ. "ಅವೇಟಿಂಗ್ ಯುವರ್ ಆರ್ಡರ್, ಸರ್," ಎಂದು ಓದಿದೆ. ಎಲೊಕ್ಯೂಷನ್ ಎಲ್ಲೋ ಹೋಗಿತ್ತು.

ಹಬ್ಬದ ದಿನ ನಳಿಗೆಯ ಬಾಯಲ್ಲಿಟ್ಟಿದ್ದ ಕೆಂಪು ಹಳದಿಯ ತೋಕ್ ಪೂ, ಅಂದರೆ ಕೋವಿ ಹೂವನ್ನು, ತೆಗೆದು, ಅಣ್ಣ ಕೋವಿ ಎತ್ತಿಯೇ ಬಿಟ್ಟ. ಹಬ್ಬಕ್ಕೆ ಬಂದಿದ್ದ ಅವನ ಮಗಳು ನನ್ನನ್ನು ದುರುಗುಟ್ಟಿ ನೋಡಿದಳು. ನಳಿಗೆಯ ತುದಿ ಗಾಳಿಯಲ್ಲಿ ಸಣ್ಣ ಸಣ್ಣ ಸುತ್ತು ಹಾಕುತ್ತಿತ್ತು. ಅವನು ಅದನ್ನು ಮೆಲ್ಲಗೆ ಇಳಿಸಿದ.

"ಗನ್ನರ್ ಎಲ್ಲಿ?"

"ಯಾರು?" ಎಂದೆ.

"ನೀನೇ ಮಾರಾಯ್ತಿ! ಕ್ಯಾಪ್ಟನ್ನೇ ಟ್ರಿಗರ್ ಎಳೆದದ್ದು ಯಾವ ಹಡಗಿನಲ್ಲಿ ನೋಡಿದ್ದೀ? ಬಾ. ಆರ್ಡರ್ ನಂದು."

ಶಾಲೆಯ ದಿನಗಳಲ್ಲಿ ಈ ಹಬ್ಬ ಬಂದಾಗಲೆಲ್ಲ ನಾನು ಬೋರ್ಡಿಂಗ್‌ನಲ್ಲಿ. ಮದುವೆಯಾದ ಮೇಲೆ, ಗಂಡನ ಮನೆಯ ಗಂಡಸರ ಸಾಲು ಮುಗಿಯುವಷ್ಟರಲ್ಲಿ ಕಾಯಿ ಒಡೆದಿರುತ್ತಿತ್ತು. ಕೋವಿ ಇಷ್ಟು ಭಾರವೆಂದು ಈಗ, ಅವನ ಕೈಯಿಂದ ತೆಗೆದುಕೊಂಡಾಗ, ಗೊತ್ತಾಯಿತು.

"ಭುಜಕ್ಕೆ ಒತ್ತಿ ಹಿಡಿ. ಉಸಿರು ಬಿಡಬೇಡ. ಫೈರ್!"

ಕಾಗೆಗಳು ಎದ್ದವು, ನಾಲ್ಕು ಎಲೆ ಉದುರಿದವು. ಕಾಯಿ ಅಲ್ಲೇ ಇತ್ತು.

"ಆಂಟಿ, ಕಾಯಿ ಹೆದರಿ ನೀರು ಬಿಟ್ಟಿರಬೇಕು!" ಎಂದು ಯಾರೋ ಹಿಂದಿನಿಂದ ಕೂಗಿದರು. ಅಂಗಳವೆಲ್ಲ ನಗು, ಮಗಳೂ ನಕ್ಕಳು.

"ಸೈಲೆನ್ಸ್," ಎಂದ ಅಣ್ಣ. "ಹಡಗೆಲ್ಲ ಈಗ ಕತ್ತಲೆ. ಚಾರ್ಜ್ ಆಗಲಿ."

ಕಿಸೆಯಿಂದ ಇನ್ನೊಂದು ತೋಟಾ ತೆಗೆದ. ಅದನ್ನು ಕೋವಿಗೆ ಸೇರಿಸಲು ಅವನ ಬೆರಳುಗಳು ಬಹಳ ಹೊತ್ತು ತಡಕಾಡಿದವು. ಯಾರೂ ಸಹಾಯಕ್ಕೆ ಬರಲಿಲ್ಲ, ಬರುವುದೂ ಬೇಕಿರಲಿಲ್ಲ. ಕೋವಿ ಒದ್ದ ನನ್ನ ಭುಜ ಉರಿಯುತ್ತಿತ್ತು, ಕಾಲು ಎಂದಿನಂತೆ ವೆರಾಂಡಾದ ಕಡೆಗೆ ಎಳೆಯುತ್ತಿತ್ತು. ಆದರೂ ಕದಲದೆ, ಕೋವಿ ಚಾಚಿ ಹಿಡಿದು, ಅವನು ಮುಗಿಸುವವರೆಗೆ ನಿಂತೆ.