ಅಪ್ಪನ ಇಯರ್‌ಬಡ್‌ನಲ್ಲಿ ಅವ್ವನ ದನಿ

ದೆವ್ವ, ಪಿಶಾಚಿ, ಕನಸಿನಲ್ಲಿ ಬಂದು ಯಾರೋ ಏನೋ ಹೇಳಿದ್ದು, ಇಂಥ ಮಾತು ಶುರುವಾದರೆ ನಾನು ಚಹಾ ಇಡುವ ನೆಪ ಮಾಡಿ ಎದ್ದು ಹೋಗುವವಳು. ಈಗಲೂ ಹೋಗುತ್ತೇನೆ. ಬೇಗಂಪೇಟೆಯ ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವುದು ನನ್ನ ಕೆಲಸ. ಯಾರಾದರೂ ಬಂದು ಇದು ತಾನಾಗಿಯೇ ಹೀಗಾಯಿತು ಅಂದರೆ ನಾವು ನಂಬುವುದಿಲ್ಲ, ಇನ್ನೊಮ್ಮೆ ಮಾಡಿ ತೋರಿಸು ಅನ್ನುತ್ತೇವೆ. ಈಗ ಹೇಳಲು ಹೊರಟಿದ್ದನ್ನು ಇನ್ನೊಮ್ಮೆ ಮಾಡಿ ತೋರಿಸುವುದು ನನ್ನಿಂದ ಆಗದ ಮಾತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಮ್ಮ ಮನೆ ಕಾಚಿಗೂಡದಲ್ಲಿ. ಅಪ್ಪ ಬೀದರಿನ ಕಡೆಯವನು, ಇಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಯಂತ್ರಗಳ ಸದ್ದಿನಲ್ಲೇ ಆಯುಷ್ಯ ಕಳೆದು ಅವನ ಕಿವಿ ಮಂದವಾಗಿತ್ತು. ಕಿವಿಗೆ ಮಷೀನು ಹಾಕಿಸಿಕೊ ಅಂದರೆ ನೂರೆಂಟು ನೆಪ. ಅವ್ವನೇ ಅವನಿಗೆ ಕಿವಿ. ಬಾಗಿಲು ಬಡಿದರೂ ಅವಳು ಹೇಳಬೇಕು, ಕುಕ್ಕರ್ ಕೂಗಿದರೂ ಅವಳು ಹೇಳಬೇಕು. ಅಂಥ ಅವ್ವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಏನು ಕೇಳಿದರೂ 'ಊಂ' ಅನ್ನುವುದೊಂದು ಉಳಿಯಿತು. ಮಾತು ತಿರುಗಿ ಬರುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ನಾನು ಕೆಲಸಕ್ಕೆ ಹೋದರೆ ಮನೆಯಲ್ಲಿ ಮಾತಾಡಲಾರದವಳು ಒಬ್ಬಳು, ಕೇಳಿಸಿಕೊಳ್ಳಲಾರದವನು ಒಬ್ಬ. ಅವ್ವ ನರಳಿದರೂ ಅಡುಗೆಮನೆಯಲ್ಲಿದ್ದ ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ನಾನು ಅವನಿಗೆ ಇಯರ್‌ಬಡ್ ತಂದುಕೊಟ್ಟೆ. ಫೋನನ್ನು ಅವ್ವನ ದಿಂಬಿನ ಪಕ್ಕ ಇಟ್ಟರೆ ಅಲ್ಲಿಯ ಸದ್ದು ದೊಡ್ಡದಾಗಿ ಅವನ ಕಿವಿಗೆ ಬೀಳುತ್ತಿತ್ತು. ಹರೆಯದ ಹುಡುಗರು ಹಾಕುವ ವಸ್ತು ಅಂತ ಅಪ್ಪ ಖುಷಿಯಿಂದಲೇ ಒಪ್ಪಿದ. ಅವ್ವ ಮಗ್ಗಲು ಬದಲಿಸಬೇಕೆಂದು ನರಳಿದರೆ ಸೌಟು ಬಿಟ್ಟು ಓಡುತ್ತಿದ್ದ.

ಕೆಲವು ವಾರಗಳಾದ ಮೇಲೆ ಒಂದು ಸಂಜೆ ನಾನು ಚಪ್ಪಲಿ ಬಿಡುತ್ತಿದ್ದಂತೆಯೇ ಹೇಳಿದ, ಇವತ್ತು ನಿಮ್ಮವ್ವ ಮಾತಾಡಿದಳು ಅಂತ. ಫ್ಯಾನು ಜೋರಾಯಿತು ಅಂದಳಂತೆ. ಆಮೇಲೆ ಇದು ದಿನದ ಸುದ್ದಿಯಾಯಿತು. ನೀವು ಸೊರಗಿದ್ದೀರಿ ಅಂದಳಂತೆ, ನಾಳೆ ಎದ್ದು ಕೂಡುತ್ತೇನೆ ಅಂದಳಂತೆ. ಅಪ್ಪ ಅವಳಿಗಾಗಿ ಹಿಡಿದು ನಡೆಯುವ ವಾಕರ್ ಸಹ ತಂದು ಮಂಚಕ್ಕೆ ಒರಗಿಸಿಟ್ಟ. ಅವ್ವನದು ಹೀಗೆ, ಇನ್ನು ಅಪ್ಪನ ತಲೆಯೂ ಕೆಟ್ಟರೆ ನನ್ನ ಗತಿ ಏನು?

ಕೂರಿಸಿಕೊಂಡು ತಿಳಿಸಿ ಹೇಳಿದೆ. ಈ ಬಡ್‌ಗಳು ಗದ್ದಲ ತೆಗೆದು ದನಿಯನ್ನಷ್ಟೇ ಹಿಡಿಯಲು ನೋಡುತ್ತವೆ, ಉಸಿರಾಟವನ್ನೂ ಮಾತಿನ ಹಾಗೆ ಮಾಡಿಬಿಡುತ್ತವೆ, ಇದು ಸಾಫ್ಟ್‌ವೇರಿನ ದೋಷ, ಮುಂದಿನ ಅಪ್‌ಡೇಟ್‌ನಲ್ಲಿ ಸರಿ ಮಾಡುತ್ತಾರೆ ಅಂದೆ. ಅಷ್ಟೇ ಸಾಕಾಯಿತು. ಅಪ್‌ಡೇಟ್ ಅಂದರೆ ಅವ್ವನ ಬಾಯಿ ಮುಚ್ಚುವ ಹುನ್ನಾರ ಎಂದು ಅಪ್ಪ ತೀರ್ಮಾನಿಸಿದ. ಹೊಸದು ಬಂದಿದೆ ಎಂದು ಫೋನು ತೋರಿಸಿದಾಗಲೆಲ್ಲ 'ನಂತರ' ಎಂಬುದನ್ನೇ ಒತ್ತುತ್ತಿದ್ದ. ಬಡ್‌ಗಳನ್ನು ಡಬ್ಬಿಯಲ್ಲಿಟ್ಟು ಚಾರ್ಜ್ ಮಾಡುವಾಗ, ಎಲ್ಲಿ ಅಪ್‌ಡೇಟ್ ತಾನಾಗಿಯೇ ಆಗಿಬಿಡುತ್ತದೋ ಎಂದು ಫೋನನ್ನು ಆರಿಸಿಯೇ ಬಿಡುತ್ತಿದ್ದ. ದಿನವಿಡೀ ಕಚೇರಿಯಲ್ಲಿ ಅಪ್‌ಡೇಟ್ ಮಾಡಿ ಎಂದು ಜನರ ಬೆನ್ನು ಹತ್ತುವ ನಾನು, ಮನೆಯಲ್ಲಿ ಒಬ್ಬ ಮುದುಕನಿಗೆ ಸೋತೆ.

ಅದೇ ಸುಮಾರಿಗೆ ಡಾಕ್ಟರು ನಮ್ಮಿಬ್ಬರನ್ನೂ ಕರೆದು ಒಂದು ಮಾತು ಹೇಳಿದರು. ಅವ್ವನ ಶಕ್ತಿ ಇಳಿಯುತ್ತಿದೆ, ಮುಂದೆ ಉಸಿರಿಗೆ ತೊಂದರೆಯಾದರೆ ಮಷೀನಿಗೆ ಹಾಕುವುದೋ ಬೇಡವೋ ಈಗಲೇ ಯೋಚಿಸಿ ಅಂದರು. ಅಪ್ಪ ಯೋಚಿಸಲಿಲ್ಲ. ಹಾಕ್ರಿ, ಆಕಿ ಎದ್ದು ಕೂಡ್ತಾಳ ಅಂದ. ನನಗೆ ಬೇಡ ಅನಿಸುತ್ತಿತ್ತು, ಆದರೆ ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಕ್ಷೌರಕ್ಕೆ ಹೋಗುವವನು, ಬಡ್‌ಗಳನ್ನು ನನ್ನ ಕೈಗೆ ಕೊಟ್ಟು, ಅವ್ವನ ಕಡೆ ಕಿವಿ ಇರಲಿ ಅಂದ. ಹಾಕಿಕೊಂಡು ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದತೊಡಗಿದೆ. ಅವ್ವನ ಉಸಿರು, ಫ್ಯಾನಿನ ಕಿರಕಿರ, ಕಿಟಕಿಯಲ್ಲಿ ಪಾರಿವಾಳ, ಅಷ್ಟೇ. ನೋಡು, ಇಷ್ಟೇ ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ಅವ್ವ ಮಾತಾಡಿದಳು. ಲಕ್ವ ಹೊಡೆಯುವ ಮೊದಲಿನ ಅದೇ ದನಿ, ಅದೇ ಸಣ್ಣ ಗೊಣಗು.

"ನಿಮ್ಮಪ್ಪ ಗಂಜಿಗಿ ಉಪ್ಪ ಹಾಕಂಗಿಲ್ಲ." ಸ್ವಲ್ಪ ತಡೆದು, "ನನಗ ಸಾಕಾಗೇತವ್ವಾ. ನಿಮ್ಮಪ್ಪಗ ಹೇಳಬ್ಯಾಡ."

ಹಿಟ್ಟಿನ ಕೈಯಲ್ಲೇ ಓಡಿದೆ. ಅವ್ವ ಇದ್ದ ಹಾಗೇ ಇದ್ದಳು, ಬಾಯಿ ಒಂದು ಕಡೆ ಸೊಟ್ಟ, ಕಣ್ಣು ನನ್ನ ಕಡೆ. ನೀನೇ ಮಾತಾಡಿದೆಯಾ ಎಂದು ಕೇಳಿದೆ. 'ಊಂ' ಅಂದಳು. ಅವಳು ಎಲ್ಲಕ್ಕೂ 'ಊಂ' ಅನ್ನುವವಳೇ. ಫೋನು ಹಿಡಿದು ಜಾಲಾಡಿದೆ. ಅವ್ವನ ಹಳೆಯ ಧ್ವನಿಮುದ್ರಣ ಒಂದೂ ಇರಲಿಲ್ಲ, ಬೇರೆ ಏನೂ ತೆರೆದಿರಲಿಲ್ಲ. ಪಕ್ಕದ ಮನೆಯ ಟಿವಿ ತೆಲುಗಿನದು, ಅದೂ ಆಗ ಬಂದ್ ಆಗಿತ್ತು. ಒಲೆಯ ಮೇಲಿನ ಗಂಜಿಯನ್ನು ಬಾಯಿಗೆ ಹಾಕಿಕೊಂಡು ನೋಡಿದೆ. ಒಂದು ಹರಳು ಉಪ್ಪಿರಲಿಲ್ಲ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಅಪ್ಪ ಹಾಕುವುದನ್ನೇ ಬಿಟ್ಟಿದ್ದ. ಅವ್ವನ ಗಂಜಿ ಕಾಯಿಸುವುದು, ಉಣಿಸುವುದು ಎರಡನ್ನೂ ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ, ಹಾಗಾಗಿ ನನಗೆ ಅದು ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಅಪ್ಪ ಬಂದವನೇ, ಏನಾದರೂ ಅಂದಳಾ ಎಂದು ಕೇಳಿದ. ಗಂಜಿಗೆ ಉಪ್ಪಿಲ್ಲ ಅಂದಳು ಎಂದೆ. ಉಳಿದರ್ಧ ನುಂಗಿದೆ. ಅಪ್ಪ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟ. ನನಗೆ ಹುಚ್ಚು ಹಿಡಿದಿಲ್ಲ ಹಾಗಾದರೆ ಎಂದು ಮತ್ತೆ ಮತ್ತೆ ಅಂದ. ಅವನನ್ನು ನೋಡಿ ನನಗೂ ಅಳು ಬಂತು, ಆದರೆ ನನ್ನ ಅಳು ಬೇರೆ ಕಾರಣದ್ದು.

ಇನ್ನು ಮೇಲೆ ಅವನು ಬಡ್‌ಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾನೆ ಅಂದುಕೊಂಡೆ. ಆದರೆ ಬಹಳ ದಿನ ಆಗಿರಲಿಲ್ಲ, ಒಂದು ಸಂಜೆ ಫೋನು ನೋಡಿದರೆ ಅಪ್‌ಡೇಟ್ ಆಗಿಹೋಗಿತ್ತು. ಯಾರು ಮಾಡಿದರು ಎಂದು ಅಪ್ಪನನ್ನು ಕೇಳಿದೆ. ತಾನಾಗಿ ಆಗಿರಬೇಕು, ಹೋಗಲಿ ಬಿಡು ಎಂದ ಅಪ್ಪ. ನಾನು ಬಿಡಲಿಲ್ಲ. ಕಚೇರಿಯಲ್ಲಿ ಬಲ್ಲವರನ್ನೆಲ್ಲ ಕೇಳಿದೆ. ಹೊಸದು ಹೋದ ಮೇಲೆ ಹಳೆಯದಕ್ಕೆ ಮರಳುವ ದಾರಿ ಇಲ್ಲ ಎಂದರು. ಬಡ್ ಹಾಕಿಕೊಂಡು ಎಷ್ಟೋ ಹೊತ್ತು ಕೂತೆ. ಅವ್ವನ ಉಸಿರು ಮೊದಲಿಗಿಂತ ಸ್ವಚ್ಛವಾಗಿ ಕೇಳುತ್ತಿತ್ತು, ಮಾತು ಮಾತ್ರ ಇರಲಿಲ್ಲ. ಅಪ್ಪನೂ ಆಮೇಲೆ ಒಂದು ದಿನವೂ ಅವಳು ಹೀಗಂದಳು ಹಾಗಂದಳು ಎನ್ನಲಿಲ್ಲ.

ಚಳಿಗಾಲದಲ್ಲಿ ಅವ್ವನಿಗೆ ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅದೇ ಪ್ರಶ್ನೆ ಕೇಳಿದರು. ಅಪ್ಪ ಏನು ಹೇಳುತ್ತಾನೆಂದು ನನಗೆ ಗೊತ್ತೇ ಇತ್ತು. ತಲೆ ತಗ್ಗಿಸಿ ನಿಂತಿದ್ದೆ.

"ಬ್ಯಾಡ್ರಿ," ಅಂದ ಅಪ್ಪ. "ತ್ರಾಸ ಆಗದಂಗ ನೋಡ್ಕೋರಿ, ಸಾಕು."

ಹೊರಗೆ ಬೆಂಚಿನ ಮೇಲೆ ಕೂತೆವು. ಅವಸರದಲ್ಲಿ ಬಡ್‌ಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದ, ನಾನು ಮೆಲ್ಲಗೆ ಏನು ಕೇಳಿದರೂ ಅವನಿಗೆ ಕೇಳಿಸುವ ಹಾಗಿರಲಿಲ್ಲ. ತಾನೇ ಶುರು ಮಾಡಿದ.

"ಆ ಅಪ್‌ಡೇಟ್ ತಾನ ಆಗಿದ್ದಲ್ಲ. ನಾನ ಒತ್ತಿದೆ. ನನಗ ಸಾಕಾಗೇತಿ ಅಂದ್ಲು ನಿಮ್ಮವ್ವ. ಮಗಳಿಗೆ ಹೇಳಬ್ಯಾಡ್ರಿ ಅಂದ್ಲು. ಇನ್ನೊಮ್ಮೆ ಅದನ್ನ ಕೇಳೂದು ನನ್ನ ಕಡಿಂದ ಆಗಲಿಲ್ಲ. ಆಕಿಗಿದ್ದದ್ದು ಅದೊಂದ ದಾರಿ, ಅದನ್ನೂ ಮುಚ್ಚಿದೆ."

ಅವನ ಕಿವಿಗೆ ಬಾಯಿ ಹಚ್ಚಿ, ನನಗೂ ಅದನ್ನೇ ಹೇಳಿದ್ದಳು ಅಂದೆ. ಕೇಳಿಸಲಿಲ್ಲ. ಜೋರಾಗಿ ಹೇಳಬೇಕಾಯಿತು. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾವಾಗ ಎಂದು ಕೇಳಿದ. ನೀನು ಕ್ಷೌರಕ್ಕೆ ಹೋದಾಗ ಎಂದೆ.

"ಮೊದಲ ನಿನಗ ಹೇಳ್ಯಾಳ ಹಂಗಾರ," ಅಂದ ಅಪ್ಪ. ಸಂಜೆ ಅವ್ವ ಹೋದಳು.

ಇದನ್ನು ನಾನು ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಉಸಿರನ್ನೇ ಮಾತೆಂದು ಕೇಳಿಸಿಕೊಂಡ ಭ್ರಮೆ ಎನ್ನಿ, ಅರ್ಧ ಒಪ್ಪುತ್ತೇನೆ. ಅವಳ ನರಳಾಟ ನೋಡಲಾರದೆ ಇಬ್ಬರ ಮನಸ್ಸೂ ಒಂದೇ ಮಾತು ಹುಟ್ಟಿಸಿತು ಎನ್ನಿ, ಅದನ್ನೂ ಒಪ್ಪಬಹುದು. ಆದರೆ ಗಂಜಿಯ ಉಪ್ಪಿಗೆ ನನ್ನ ಹತ್ತಿರ ಉತ್ತರವಿಲ್ಲ. ಅಪ್ಪನಿಗೆ ಈ ತಕರಾರೇ ಇಲ್ಲ, ಹೆಂಡತಿ ಹೇಳಿದಳು, ನಾನು ಕೇಳಿದೆ, ಅಷ್ಟೇ ಎನ್ನುತ್ತಾನೆ. ನಾನು ಮಾತ್ರ ಇಂದಿಗೂ ಒಂದು ಕಡೆ ನಿಲ್ಲಲಾರೆ. ಅದು ಅವ್ವನ ದನಿಯೆಂದು ಒಪ್ಪಲು ನನ್ನ ಬುದ್ಧಿ ಬಿಡುವುದಿಲ್ಲ. ಅಲ್ಲ ಎನ್ನೋಣವೆಂದರೆ, ಹಾಗಾದರೆ ಯಾರ ಮಾತು ಕೇಳಿ ನಾವು ಅವಳನ್ನು ಕಳಿಸಿಕೊಟ್ಟೆವು?