ಮುಂದಿನ ಗಾಲಿಯಡಿ ಒಂದು ಎಳೆ

ಕಳೆದ ವಾರ ಅಕ್ಕನ ಊರಿಗೆ ಹೋಗಿದ್ದೆ. ರೇಷ್ಮೆಹುಳು ಸಾಕುವ ಮನೆಗೆ ಹೊಸ ನೆಲ ಹಾಕಿಸುತ್ತಿದ್ದಳು. ಬಾಗಿಲ ಬಳಿ ಮೇಸ್ತ್ರಿ ಸಿಮೆಂಟು ಕಲೆಸುತ್ತಿದ್ದರು. ಒಣಪುಡಿಗೆ ಮೊದಲ ಬಿಂದಿಗೆ ನೀರು ಬಿದ್ದಾಗ ಏಳುವ ವಾಸನೆ, ಸ್ವಲ್ಪ ಬೂದಿಯದು, ಸ್ವಲ್ಪ ನೆನೆದ ಕಲ್ಲಿನದು... ಅದು ಮೂಗಿಗೆ ತಾಗಿದ್ದೇ ತಡ, ಎಣ್ಣೆ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿ ಕುಕ್ಕರಗಾಲಲ್ಲಿ ಕೂತಿದ್ದ ಹಿರಿಯರೊಬ್ಬರು ಕಣ್ಣ ಮುಂದೆ ಬಂದರು.

ನಾವು ಅವರನ್ನು ಮಗ್ಗದ ಮಾವ ಎಂದು ಕರೆಯುತ್ತಿದ್ದೆವು. ನೆಂಟರೇನಲ್ಲ, ಅಕ್ಕನ ಪಕ್ಕದ ಮನೆಯವರು. ತಲೆಮಾರುಗಳಿಂದ ಸೀರೆ ನೇಯ್ದ ಮನೆ. ನಾನು ಕಂಡ ಕಾಲಕ್ಕೆ ಮಗ್ಗ ಪಡಸಾಲೆಯಲ್ಲಿ ಇನ್ನೂ ನಿಂತಿತ್ತು, ನೇಯ್ಗೆ ನಿಂತು ಎರಡೋ ಮೂರೋ ವರ್ಷವಾಗಿತ್ತು. ಅವರು ಹಿಂದೂಪುರದ ಒಂದು ಬಟ್ಟೆ ಅಂಗಡಿಗೆ ಹೋಗಿಬರುತ್ತಿದ್ದರು.

ಅಕ್ಕನ ಊರು ಹಿಂದೂಪುರದ ಹತ್ತಿರ, ಪರಿಗಿಯ ಕಡೆ. ಆಗ ನಾನು ಎಂ.ಎ. ಮುಗಿಸಿ, ಕೆಲಸ ಸಿಗುವವರೆಗೆ ಎಂದು ಅವಳ ಮನೆಯಲ್ಲಿದ್ದೆ. ಭಾವನಿಗೆ ಕಲ್ಯಾಣದುರ್ಗದಲ್ಲಿ ಕೆಲಸ, ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಹಿಪ್ಪುನೇರಳೆ ತೋಟ, ಹುಳುಮನೆ, ಗೂಡು ಮಾರುಕಟ್ಟೆಗೆ ಒಯ್ಯುವುದು, ಎಲ್ಲವೂ ಅಕ್ಕನ ಮೇಲೆ. ಗಿಡದ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರು ಹಿಡಿಯುವುದಿಲ್ಲವೆಂದು ಅವಳೇ ಹಟ ಹಿಡಿದು ಸಣ್ಣದೊಂದನ್ನು ಕೊಂಡಿದ್ದಳು. ಆ ಊರಿನಲ್ಲಿ ಟ್ರ್ಯಾಕ್ಟರು ಓಡಿಸಿದ ಮೊದಲ ಹೆಂಗಸು ಅವಳೇ. ಅವಳು ಹೊರಟರೆ ಕಟ್ಟೆಯ ಮೇಲಿನ ಗಂಡಸರು ಮಾತು ನಿಲ್ಲಿಸಿ ನೋಡುತ್ತಿದ್ದರು, ಏನಾದರೂ ಆಗಲಿ ಎಂದು ಕಾಯುವವರ ಹಾಗೆ. ಇದು ನನ್ನ ಊಹೆ. ಅವರು ಸುಮ್ಮನೆ ಕೂತಿದ್ದರೂ ಇರಬಹುದು.

ತೋಟದ ಮೇಲುಗಡೆಯ ಬದು ಕುಸಿದಿತ್ತು. ಕಲ್ಲು ಒಯ್ಯಬೇಕಿತ್ತು. ಟ್ರ್ಯಾಕ್ಟರಿನ ಹಿಂದೆ ತಗುಲಿಸಿದ, ಎತ್ತಿ ಇಳಿಸುವ ಕಬ್ಬಿಣದ ಪೆಟ್ಟಿಗೆಯಲ್ಲಿ ಕಲ್ಲು ತುಂಬಿ ಏರು ಹತ್ತಿದರೆ ಮುಂದಿನ ಗಾಲಿಗಳು ಹಗುರಾಗಿ, ನೆಲ ಬಿಟ್ಟು ಏಳುತ್ತಿದ್ದವು. ಇದಕ್ಕೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮದ್ದು ಒಂದೇ: ಮುಂದುಗಡೆ ಯಾರನ್ನಾದರೂ ಕೂರಿಸುವುದು. ಎಷ್ಟೋ ಗಾಡಿಗಳ ಮೂತಿಯ ಮೇಲೆ ಹೀಗೆ ಇಬ್ಬಿಬ್ಬರು ಕೂತು, ಬೀಡಿ ಸೇದುತ್ತ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೆ.

"ನೀನೇ ಸರಿ ಕಣೆ. ಓದೀ ಓದೀ ಒಳ್ಳೆ ತೂಕ ಬಂದೈತೆ" ಎಂದಳು ಅಕ್ಕ.

ನಾನು ಕೂತೆ. ಖುಷಿಯಿಂದಲೇ ಕೂತೆ ಎಂಬುದನ್ನು ಬರೆಯಬೇಕು. ಕೆಲಸವಿಲ್ಲದೆ ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದವಳಿಗೆ ಏನೋ ಒಂದಕ್ಕೆ ಬೇಕಾದೆನಲ್ಲ ಎಂಬ ಸಮಾಧಾನ.

ಏರಿನ ನಡುವೆ ಟ್ರ್ಯಾಕ್ಟರು ನನ್ನನ್ನೂ ಎತ್ತಿಕೊಂಡು ಮೇಲೆದ್ದಿತು. ಒಂದು ಕ್ಷಣ ಬರೀ ಆಕಾಶ. ಅಕ್ಕ ಕ್ಲಚ್ ಒತ್ತಿದಳು, ಮೂತಿ ದಡಾರನೆ ನೆಲಕ್ಕೆ ಬಿತ್ತು, ನಾನು ಜಾರಿ ಗಾಲಿಯ ಮುಂದೆ ಬಿದ್ದೆ. ಗಾಲಿ ನನ್ನ ಪಾದದಿಂದ ಒಂದು ಗೇಣು ದೂರದಲ್ಲಿ ನಿಂತಿತು. ಅಕ್ಕ ಇಳಿದು ಬಂದು ನನ್ನ ಕಾಲನ್ನು ಮುಟ್ಟಿ ಮುಟ್ಟಿ ನೋಡಿದಳು.

ಇಲ್ಲಿಂದ ಮುಂದಕ್ಕೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಮಗ್ಗದ ಮಾವ ಅಲ್ಲೇ ಇದ್ದರು, ರಟ್ಟೆ ಹಿಡಿದು ನನ್ನನ್ನು ಎಬ್ಬಿಸಿದರು ಎಂದೇ ನನಗೆ ಕಾಣುತ್ತದೆ. ಅವರ ಬೆರಳಿನ ಬಿಗಿ ಕೂಡ ನೆನಪಿದೆ. ಅಕ್ಕ ಇಲ್ಲವೆನ್ನುತ್ತಾಳೆ; ಅವರು ಬಂದದ್ದು ಸಂಜೆ, ಅಂಗಡಿಯಿಂದ ಮರಳಿದ ಮೇಲೆ. ಆ ವರ್ಷದ ದಿನಚರಿ ತೆಗೆದು ನೋಡಿದೆ. "ಮಂಡಿ ತರಚಿತು. ಅಕ್ಕ ಊಟ ಮಾಡಲಿಲ್ಲ" ಎಂದಷ್ಟೇ ಇದೆ. ಆದರೆ ಅವರು ಆಡಿದ ಮಾತಿನ ಬಗ್ಗೆ ನಮ್ಮಿಬ್ಬರಿಗೂ ತಕರಾರಿಲ್ಲ.

"ಮನುಷ್ಯರೇನು ತೂಕದ ಕಲ್ಲೇನಮ್ಮ?" ಎಂದಿದ್ದರು. ಬೈಗುಳದ ದನಿಯಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದ ಹಾಗಿತ್ತು.

ಸುದ್ದಿ ಕಲ್ಯಾಣದುರ್ಗಕ್ಕೆ ಹೇಗೆ ಮುಟ್ಟಿತೋ, ಭಾವನ ಫೋನು ಬಂತು. ಬರುವ ಭಾನುವಾರ ಗಾಡಿ ಕೊಳ್ಳುವವರೊಬ್ಬರನ್ನು ಕರೆದುಕೊಂಡೇ ಬರುತ್ತೇನೆ ಎಂದರು. ಅವರು ಕೆಟ್ಟವರಲ್ಲ, ಹೆದರಿದ್ದರು. ಅಕ್ಕ ಫೋನಿಟ್ಟು, ಬಕೆಟ್ಟು ತೆಗೆದುಕೊಂಡು ಹೋಗಿ ಟ್ರ್ಯಾಕ್ಟರು ತೊಳೆದಳು. ಮಣ್ಣೇ ಇಲ್ಲದ ಕಡೆಯನ್ನೂ ತೊಳೆಯುತ್ತಿದ್ದಳು.

ಮರುದಿನ ಬೆಳಿಗ್ಗೆ ಮಗ್ಗದ ಮಾವ ನಮ್ಮಿಬ್ಬರನ್ನೂ ಆ ಏರಿಗೆ ಕರೆದುಕೊಂಡು ಹೋದರು. ಕೆಮ್ಮಣ್ಣಿನ ಮೇಲೆ ಟೈರುಗಳ ಗುರುತು ಹಾಗೇ ಇತ್ತು. ಅವರು ಸೀರೆಯಲ್ಲಿ ಕಡಿದ ಎಳೆ ಹುಡುಕುವವರಂತೆ ಬಗ್ಗಿ, ಮುಂದಿನ ಗಾಲಿಯ ಗೆರೆಯನ್ನಷ್ಟೇ ಹಿಡಿದು ನಡೆದರು. ಅರ್ಧ ಏರಿನಲ್ಲಿ ನಿಂತರು. ಅಲ್ಲಿ ಗೆರೆ ತೆಳುವಾಗುತ್ತ ಬಂದು, ಒಂದು ಮಾರಿನಷ್ಟು ದೂರ ಇರಲೇ ಇಲ್ಲ.

"ಇಗಾ, ಇಲ್ಲಿ ಭೂಮ್ತಾಯಿ ಕೈ ಬಿಟ್ಬುಟ್ಟವ್ಳೆ ಕಣಮ್ಮ" ಎಂದರು.

ನಾನು ಆ ಖಾಲಿ ಜಾಗವನ್ನೇ ನೋಡುತ್ತ ನಿಂತೆ. ಹಿಂದಿನ ದಿನ ನಾನು ಗಾಳಿಯಲ್ಲಿದ್ದದ್ದು ಅಲ್ಲೇ. ನಾವು ಭಯಪಟ್ಟದ್ದನ್ನು ಅವರು ಅಳತೆ ಹಾಕಿ ತೋರಿಸಿದ್ದರು. ಟ್ರ್ಯಾಕ್ಟರಿನ ಸ್ಟೇರಿಂಗು ಮುಟ್ಟಿದವರಲ್ಲ ಅವರು.

ಮುಂದೆ ತಗುಲಿಸುವ ಕಬ್ಬಿಣದ ತೂಕಗಳು ಷೋರೂಮಿನಲ್ಲಿ ಸಿಗುತ್ತಿದ್ದವು. ನಮ್ಮ ಸಣ್ಣ ಗಾಡಿಗಾಗುವಂಥದು ಬರಲು ತಿಂಗಳು ಬೇಕೆಂದರು. "ತೂಕ ಏನು ಅವರಪ್ಪನ ಮನೇದಾ?" ಎಂದು ಮಾವ ಅಂಗಡಿಗೆ ರಜೆ ಹೇಳಿ ಕಳಿಸಿದರು. ಮೂರು ಹಳೆಯ ಎಣ್ಣೆ ಡಬ್ಬಗಳ ಬಾಯಿ ಕೊಯ್ಯಿಸಿದರು. ವೆಲ್ಡಿಂಗ್ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಮೂತಿಗೆ ಒಂದು ಗಟ್ಟಿ ಚೌಕಟ್ಟು ಹಾಕಿಸಿದರು. ಬೋಲ್ಟು ಹಾಯಲು ಡಬ್ಬದ ನಡುವೆ ಪೈಪಿನ ತುಂಡು ನಿಲ್ಲಿಸಿ, ಸುತ್ತ ಸಿಮೆಂಟು ಜಲ್ಲಿ ತುಂಬತೊಡಗಿದರು. ಆಮೇಲೆ ಒಳಗೆ ಹೋಗಿ ಒಂದು ಗೋಣಿಚೀಲ ಎಳೆದು ತಂದರು.

ಅದರಲ್ಲಿ ಇದ್ದದ್ದು ಸಣ್ಣ ಕಬ್ಬಿಣದ ಕಡ್ಡಿಗಳು, ಸಾವಿರಾರು. ಸೀರೆಯ ಸೆರಗಿಗೆ ಹೂಬಳ್ಳಿ ಎತ್ತುವ ಮಗ್ಗದಲ್ಲಿ ಒಂದೊಂದು ದಾರದ ತುದಿಗೂ ಒಂದೊಂದು ಕಡ್ಡಿ ತೂಗುತ್ತದೆ. ಮೇಲೆದ್ದ ದಾರವನ್ನು ಮತ್ತೆ ತನ್ನ ಜಾಗಕ್ಕೆ ಇಳಿಸುವುದು ಅದರ ಕೆಲಸ. ಅವರು ಹಿಡಿ ಹಿಡಿಯಾಗಿ ಆ ಕಡ್ಡಿಗಳನ್ನು ಹಸಿ ಸಿಮೆಂಟಿನಲ್ಲಿ ಮುಳುಗಿಸಿ, ಕೈಯಿಂದಲೇ ಅದುಮಿದರು.

"ಮಾವ, ಇವು ಮಗ್ಗಕ್ಕೆ ಬೇಡ್ವಾ?" ಎಂದು ಅಕ್ಕ ಕೇಳಿದಳು.

"ಎದ್ದದ್ದನ್ನ ಇಳ್ಸೋದು ಇವಕ್ಕೆ ಅಭ್ಯಾಸ ಐತೆ ಬಿಡು" ಎಂದರು.

ಮಗ್ಗವನ್ನು ಇನ್ನು ಹೂಡುವುದಿಲ್ಲವೆಂದು ಅವರು ತೀರ್ಮಾನಿಸಿದ್ದು ಆ ಗಳಿಗೆಯಲ್ಲೇ ಎಂದು ಈಗ ನನಗೆ ಅನ್ನಿಸುತ್ತದೆ. ಅಥವಾ ಎಂದೋ ತೀರ್ಮಾನವಾಗಿತ್ತೇನೋ, ಅವರಿಗೆ ಅದು ಬರೀ ಹಳೇ ಕಬ್ಬಿಣವಾಗಿತ್ತೇನೋ... ಕೇಳಬಹುದಿತ್ತು. ನಾನು ಆಗ ಡಬ್ಬ ಅಲುಗಾಡದಂತೆ ಹಿಡಿದುಕೊಂಡಿದ್ದೆ, ಅಷ್ಟೇ.

ವಾರವಿಡೀ ಬೆಳಗಾದರೆ ಅವರು ಬಂದು ಡಬ್ಬಗಳ ಮೇಲೆ ಹೊದಿಸಿದ್ದ ಗೋಣಿತಾಟನ್ನು ನೀರಿನಲ್ಲಿ ತೋಯಿಸಿ ಹೋಗುತ್ತಿದ್ದರು. ಶುಕ್ರವಾರವೇ ಕಟ್ಟಿ ನೋಡೋಣ ಎಂದು ಅಕ್ಕ ಅವಸರ ಮಾಡಿದಳು. "ಸಿಮೆಂಟು ನಿನ್ನ ಗಂಡನ ಬಸ್ಸಿನ ಟೈಮು ನೋಡಾಕಿಲ್ಲ ಕಣಮ್ಮ" ಎಂದು ಮಾವ ಒಪ್ಪಲಿಲ್ಲ.

ಭಾನುವಾರ ಭಾವ ಬಂದರು, ಜೊತೆಗೆ ಗಾಡಿ ಕೊಳ್ಳುವವರು. ಪೆಟ್ಟಿಗೆಯಲ್ಲಿ ಅವತ್ತಿನಷ್ಟೇ ಕಲ್ಲು ತುಂಬಿ, ಟ್ರ್ಯಾಕ್ಟರನ್ನು ಏರಿನ ಬುಡದಲ್ಲಿ ನಿಲ್ಲಿಸಿ ಮಾವ ಎಂಜಿನ್ ಆರಿಸಲು ಹೇಳಿದರು. ಪೆಟ್ಟಿಗೆ ಎತ್ತರದಲ್ಲಿ ತೂಗುತ್ತಿತ್ತು. ಅವರು ಜೇಬಿನಿಂದ ರೇಷ್ಮೆಯ ಒಂದು ಎಳೆ ತೆಗೆದು, ಎರಡು ತುದಿ ಹಿಡಿದು, ಮುಂದಿನ ಗಾಲಿಯಡಿಗೆ ತೂರಿಸಿದರು.

"ಇದೇಮಿ, ದಾರಂತೋ ಟ್ರ್ಯಾಕ್ಟರ್ ತೂಕಂ ವೇಸ್ತಾರಾ?" ಎಂದು ಬಂದವರು ತೆಲುಗಿನಲ್ಲಿ ಕೇಳಿ ನಕ್ಕರು. ದಾರದಲ್ಲಿ ಟ್ರ್ಯಾಕ್ಟರು ತೂಗುವುದನ್ನು ಅವರೂ ನೋಡಿರಲಿಲ್ಲ, ನಾವೂ ನೋಡಿರಲಿಲ್ಲ.

ಮಾವ ಒಂದು ತುದಿ ಬಿಟ್ಟು ಎಳೆದರು. ಬೆಣ್ಣೆಯೊಳಗಿನ ಕೂದಲಿನಂತೆ ಎಳೆ ನುಣ್ಣಗೆ ಹೊರಗೆ ಬಂತು. ಗಾಲಿ ನೆಲವನ್ನು ಮುಟ್ಟಿತ್ತು, ಒತ್ತಿರಲಿಲ್ಲ. ಭಾವನ ಮುಖ ಸಣ್ಣದಾಯಿತು. ಒಂದು ಸಿಮೆಂಟಿನ ಗಟ್ಟಿಯನ್ನು ಮುಂದೆ ಬೋಲ್ಟು ಹಾಕಿ ಕಟ್ಟಿದರು. ಗಾಲಿಯನ್ನು ಹಾರೆಯಿಂದ ತುಸು ಮೀಟಿಸಿ ಅಡಿಗೆ ಮತ್ತೆ ಎಳೆ ಇಟ್ಟರು, ತಡೆದು ತಡೆದು ಬಂತು. ಎರಡನೆಯದಕ್ಕೆ ಬರಲೊಲ್ಲದೆ ಬಂತು, ಮಣ್ಣು ಮೆತ್ತಿಕೊಂಡು. ಪೆಟ್ಟಿಗೆಯನ್ನು ನೆಲಕ್ಕೆ ಹತ್ತಿರ ಇಳಿಸಿ ಎಂದರು, ನಾಲ್ಕು ಕಲ್ಲು ತೆಗೆಸಿದರು, ಮೂರನೆಯ ಗಟ್ಟಿ ಕಟ್ಟಿಸಿದರು. ಎಳೆದರು. ಎಳೆ ಟಪ್ಪೆಂದು ಹರಿಯಿತು.

"ಈಗ ಹಿಡ್ಕಂಡ್ಳು" ಎಂದರು.

ಅಕ್ಕ ಹತ್ತಿ ಕೂತಳು. ಟ್ರ್ಯಾಕ್ಟರು ನಿಧಾನವಾಗಿ ಏರತೊಡಗಿತು. ನಾವ್ಯಾರೂ ಅಕ್ಕನನ್ನು ನೋಡುತ್ತಿರಲಿಲ್ಲ. ಭಾವ, ಬಂದವರು, ನಾನು, ಎಲ್ಲರ ಕಣ್ಣೂ ಆ ಗಾಲಿಯ ಹಿಂದೆ ಮೂಡುತ್ತಿದ್ದ ಗೆರೆಯ ಮೇಲೆ. ಅರ್ಧ ಏರು ಬಂತು. ಹಳೆಯ ಗುರುತು ಇಲ್ಲವಾಗಿದ್ದ ಆ ಒಂದು ಮಾರು ಬಂತು. ಗೆರೆ ಮೂಡುತ್ತಲೇ ಹೋಯಿತು, ಅಚ್ಚು ಒತ್ತಿದ ಹಾಗೆ, ಬದುವಿನವರೆಗೂ. ಅಂಥ ನಿಶ್ಶಬ್ದವನ್ನು ನಾನು ದೇವರ ಮುಂದೆಯೂ ಕಂಡಿಲ್ಲ. ಎಂಜಿನ್ನಿನ ಸದ್ದು ಜೋರಾಗಿಯೇ ಇದ್ದಿರಬೇಕು. ನನ್ನ ನೆನಪಿನಲ್ಲಿ ಅದು ಉಳಿದಿಲ್ಲ.

ಭಾವ ಬಗ್ಗಿ, ಆ ಜಾಗದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕರೆತಂದವರ ಕಡೆ ತಿರುಗಿ, "ಲೇದನ್ನಾ, ಅಮ್ಮಮು" ಎಂದರು. ಮಾರುವುದಿಲ್ಲ. ಬಂದವರಿಗೆ ಬೇಸರವೇನೂ ಆದಂತಿರಲಿಲ್ಲ. ತಮ್ಮ ಗಾಡಿಗೂ ಇಂಥವು ಎರಡು ಆಗಬಹುದೇ ಎಂದು ಮಾವನನ್ನು ಕೇಳುತ್ತ ಚಹಾ ಕುಡಿದರು.

"ಕಡ್ಡಿ ಮುಗ್ದೋದ್ವಲ್ಲಪ್ಪ" ಎಂದರು ಮಾವ.

ಆಮೇಲೆ ನನಗೆ ಕಲ್ಯಾಣದುರ್ಗದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮಾವ ತೀರಿಕೊಂಡಾಗ ಪರೀಕ್ಷೆಯ ದಿನಗಳು. ಬಸ್ಸಿನಲ್ಲಿ ಅರ್ಧ ದಿನದ ದಾರಿ ಕೂಡ ಅಲ್ಲ, ಹೋಗಲಿಲ್ಲ. ಅವತ್ತಿನ ದಿನಚರಿಯಲ್ಲಿ ಎಷ್ಟು ಉತ್ತರಪತ್ರಿಕೆ ನೋಡಿದೆ ಎಂಬುದಿದೆ, ಅವರ ವಿಷಯವಿಲ್ಲ. ಯಾಕೆ ಬರೆಯಲಿಲ್ಲವೋ...

ಕಳೆದ ವಾರ ಮೇಸ್ತ್ರಿ ಆ ಮೂರು ಗಟ್ಟಿಗಳನ್ನು ಕೊಟ್ಟಿಗೆಯ ಮೂಲೆಯಿಂದ ಉರುಳಿಸಿ ತಂದರು. ಅಕ್ಕನಿಗೆ ಈಗ ಹೊಸ ಟ್ರ್ಯಾಕ್ಟರಿದೆ. ಅದರ ತೂಕಗಳು ಗಾಡಿಯ ಜೊತೆಗೇ ಬಂದಿವೆ, ಬಣ್ಣ ಬಳಿದವು. "ಒಡ್ದು ನೆಲದ ಅಡೀಗೆ ಹಾಕ್ಬುಡ್ಲಾ?" ಎಂದು ಮೇಸ್ತ್ರಿ ಕೇಳಿದರು. ಅಕ್ಕ ಹೂಂ ಅಂದಳು. ಒಂದಾದರೂ ಇರಲಿ ಎಂದೆ ನಾನು.

"ಅವ್ರೇನು ಇದ್ರೊಳಗೆ ಕೂತವ್ರೇನೆ?" ಎಂದಳು. ಆದರೆ ಮೇಸ್ತ್ರಿಯ ಕೈಯಿಂದ ಸುತ್ತಿಗೆಯನ್ನು ಅವಳೇ ತೆಗೆದಿಟ್ಟಳು.

ಒಂದು ಗಟ್ಟಿಯ ಮೂಲೆ ಮುರಿದಿತ್ತು. ಒಳಗಿನ ಕಡ್ಡಿಗಳ ತುದಿ ತುಕ್ಕು ಹಿಡಿದು ಕಾಣುತ್ತಿತ್ತು. ಮೇಲ್ಮೈಯಲ್ಲಿ ಅದುಮಿದ ಅಂಗೈಯ ತಗ್ಗು. ಅದು ಅವರದೇ ಇರಬೇಕು. ನನ್ನದೂ ಇರಬಹುದು, ಡಬ್ಬ ಹಿಡಿದವಳು ನಾನೇ ಅಲ್ಲವೇ. ಕೈ ಇಟ್ಟು ನೋಡಿದೆ. ನನ್ನ ಕೈಗಿಂತ ಅದು ದೊಡ್ಡದಿತ್ತು.

ಹುಳುಮನೆಯಲ್ಲಿ ಬಿದ್ದಿದ್ದ ಗೂಡೊಂದರಿಂದ ಎಳೆ ಬಿಡಿಸಿ ಹೊಸೆದೆ. ಅಕ್ಕ ಗಟ್ಟಿಯನ್ನು ಓರೆ ಮಾಡಿ ಹಿಡಿದಳು. ಅಡಿಗೆ ಎಳೆ ಇಟ್ಟು, ಅವಳು ಗಟ್ಟಿಯನ್ನು ಇಳಿಸಿದ ಮೇಲೆ ಎಳೆದೆ. ಹರಿಯಿತು. ಅರ್ಧ ಅದರಡಿ ಉಳಿಯಿತು, ಅರ್ಧ ನನ್ನ ಬೆರಳಿನಲ್ಲಿ. ಏರಿನ ಮೇಲೆ ಅಕ್ಕನ ಟ್ರ್ಯಾಕ್ಟರಿನ ಗೆರೆಗಳು ಬದುವಿನವರೆಗೂ ಕಾಣುತ್ತಿದ್ದವು. ಅವನ್ನು ತೋರಿಸೋಣವೆಂದರೆ ಪಕ್ಕದ ಮಾವನ ಮನೆಗೆ ಬೀಗ.