ಇನ್ನೊಂಚೂರು ಭಾವ

ನನ್ನ ಭಾವ, ಅಂದರೆ ಅಕ್ಕನ ಗಂಡ, ಯಾವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರೂ ತಮ್ಮ ಚೀಲವನ್ನು ಮೊಳೆಗೆ ನೇತುಹಾಕುತ್ತಿರಲಿಲ್ಲ. ಬಾಗಿಲ ಪಕ್ಕ ನೆಲದ ಮೇಲೆ, ಓಡುವಾಗ ಕೈಗೆ ಸಿಗುವ ಹಾಗೆ ಇಡುತ್ತಿದ್ದರು. ಕೂದಲು ಕತ್ತರಿಸುವುದು ಅವರ ಕಸುಬು. ಒಬ್ಬ ಗಿರಾಕಿ ಎದ್ದು ಹೋದ ಕೂಡಲೇ ಕತ್ತರಿ, ಬಾಚಣಿಗೆ, ಬ್ರಷ್ ಎಲ್ಲವನ್ನೂ ಒರೆಸಿ ಚೀಲಕ್ಕೆ ತುಂಬುವರು. ಇನ್ನೊಬ್ಬರು ಬಂದು ಕೂತ ಮೇಲೆ ಮತ್ತೆ ಒಂದೊಂದಾಗಿ ಹೊರಗೆ ತೆಗೆಯುವರು. ಇದೇನು ಹೀಗೆ ಎಂದು ಯಾರಾದರೂ ಕೇಳಿದರೆ, "ಕಳೆದುಹೋಗುತ್ತೆ ಅಂತ" ಎನ್ನುವರು.

ಕೈ ಒಳ್ಳೆಯದು. ಮನಸ್ಸು ನೆಟ್ಟಗಿದ್ದ ದಿನ ಅವರು ಕೂದಲು ಕತ್ತರಿಸಿದರೆ ತಲೆಗೆ ಹೊಸ ಆಕಾರವೇ ಬರುತ್ತಿತ್ತು. ಆದರೆ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತೋ, ಎಡಗಡೆ ಹೆಚ್ಚು ಉಳಿದಿದೆ ಅನ್ನಿಸುತ್ತಿತ್ತು. "ಇನ್ನೊಂಚೂರು" ಎಂದು ಎಡಗಡೆ ತೆಗೆಯುವರು. ಆಗ ಬಲಗಡೆ ಹೆಚ್ಚಾಯಿತು ಅನ್ನಿಸುವುದು. "ಇನ್ನೊಂಚೂರು" ಎಂದು ಅತ್ತ ಹೋಗುವರು. ಹೀಗೆ ಎಡ ಬಲ ಓಡಾಡಿ, ಸ್ವಲ್ಪ ಟ್ರಿಮ್ ಮಾಡಿಸಿಕೊಳ್ಳೋಣ ಎಂದು ಬಂದವನು ಆಗಷ್ಟೇ ಸೇನೆಗೆ ಸೇರಿದವನ ಹಾಗೆ ಹೊರಗೆ ಹೋಗುತ್ತಿದ್ದ. ಕೆಲಸ ಮಾಡಿದ ಕಡೆಯಲ್ಲೆಲ್ಲ ಅವರಿಗೆ 'ಇನ್ನೊಂಚೂರು' ಎಂದೇ ಅಡ್ಡಹೆಸರು. ಮನೆಯಲ್ಲಿ ನಾವೂ ಹಾಗೆಯೇ ಕರೆಯುತ್ತಿದ್ದೆವು, ಆದರೆ ಅವರ ಬೆನ್ನ ಹಿಂದೆ.

ಇಷ್ಟೇ ಆಗಿದ್ದರೆ ಸುಧಾರಿಸಬಹುದಿತ್ತು. ಕೂದಲು ಹಾಳಾದ ಮರುಗಳಿಗೆಯೇ ಅವರಿಗೆ ಯಜಮಾನ ಹೊರಗೆ ಹಾಕುತ್ತಾನೆ ಎಂಬ ಭಯ ಹತ್ತುತ್ತಿತ್ತು. ಹಾಕಿಸಿಕೊಳ್ಳುವುದು ಯಾಕೆ ಎಂದು ತಾವೇ ಚೀಲ ಎತ್ತಿಕೊಂಡು ಹೊರಟುಬಿಡುವರು. ಒಂದು ಅಂಗಡಿ, ಇನ್ನೊಂದು ಅಂಗಡಿ, ಒಂದು ಊರು, ಇನ್ನೊಂದು ಊರು. ಪ್ರತಿ ಸಲವೂ ಅಕ್ಕ ಪಾತ್ರೆ ಕಟ್ಟಬೇಕು. ಅವರ ಮಗಳು ಪುಟ್ಟಿ ಹೊಸ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂರಬೇಕು. ಹಿಂದೆ ಬಿಟ್ಟುಬಂದ ಒಂದು ಅಂಗಡಿಯ ಮಾಲೀಕರು ಒಮ್ಮೆ ಬಸ್ಸಿನಲ್ಲಿ ಅಕ್ಕನಿಗೆ ಸಿಕ್ಕಿದ್ದರಂತೆ. "ನಿಮ್ಮ ಯಜಮಾನರು ಯಾಕಮ್ಮ ಹಾಗೆ ಹೊರಟುಹೋದ್ರು? ನಾನು ಟೀ ಕುಡಿತೀರಾ ಅಂತ ಕೇಳೋಕೆ ತಿರುಗಿದೆ, ಮನುಷ್ಯನೇ ಇಲ್ಲ" ಎಂದರಂತೆ.

ನಾನು ಕಾಲೇಜು ಓದಲು ಹಳ್ಳಿಯಿಂದ ಅಕ್ಕನ ಮನೆಗೆ ಬಂದಾಗ ಅವರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದರು. ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಬಟ್ಟೆ ಒಣಗಿಸಲು ಕಬ್ಬಿಣದ ಸರಳಿನ ಕಿಟಕಿ. ಅಕ್ಕ ಹತ್ತಿರದ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಭಾವ ಹೊಸ ಸಲೂನಿಗೆ ಸೇರಿದ್ದರು. ಬಂದ ದಿನ ನಾನು ಪುಟ್ಟಿಯನ್ನು, "ನಿನ್ನ ಕ್ಲಾಸಲ್ಲಿ ಯಾರ್ಯಾರಿದ್ದಾರೆ?" ಎಂದು ಕೇಳಿದೆ.

"ಗೊತ್ತಿಲ್ಲ ಚಿಕ್ಕಮ್ಮ. ಹೆಸರು ಕಲಿತು ಏನು ಮಾಡ್ಲಿ? ಹೇಗಿದ್ರೂ ಹೋಗ್ತೀವಲ್ಲ."

ಭಾವ ಅಲ್ಲೇ ಕೂತು ಉಗುರು ಕಚ್ಚುತ್ತಿದ್ದರು. ಎದ್ದು ಬಾಗಿಲ ತನಕ ಹೋದರು, ಕಿಟಕಿಗೆ ಬಂದರು, ಮತ್ತೆ ಬಾಗಿಲಿಗೆ ಹೋದರು. ಅವರು ಮನೆಯಲ್ಲಿದ್ದರೆ ಯಾವಾಗಲೂ ಹಾಗೆಯೇ, ಕಾಲು ಸುಟ್ಟ ಬೆಕ್ಕು. ಊಟಕ್ಕೆ ಕೂತರೂ ಒಂದು ಮೊಣಕಾಲು ಕುಣಿಯುತ್ತಿರುತ್ತಿತ್ತು.

ಸ್ವಲ್ಪ ಕಾಲ ಕಳೆದ ಮೇಲೆ ಪುಟ್ಟಿ ಒಂದು ಸಂಜೆ ಎರಡು ಜಡೆಯ ಒಬ್ಬ ಹುಡುಗಿಯನ್ನು ಮನೆಗೆ ಕರೆದುಕೊಂಡು ಬಂದಳು. ಇಬ್ಬರೂ ನೆಲದ ಮೇಲೆ ಕಾಗದ ಹರಡಿ, ಗಮ್ ಹಚ್ಚಿ, ಏನೋ ಗುಟ್ಟು ಮಾತಾಡಿ ಕಿಸಕ್ಕನೆ ನಕ್ಕರು. ಪುಟ್ಟಿಯ ಗೆಳತಿ ಮನೆಗೆ ಬಂದದ್ದು ಅದೇ ಮೊದಲು. ಅವತ್ತು ಆ ಹುಡುಗಿ ಹೋದ ಮೇಲೆ ಅಕ್ಕ ಭಾವನಿಗೆ ಸಮಾಧಾನವಾಗಿಯೇ ಹೇಳಿದಳು.

"ನೋಡಿ, ಇನ್ನು ನಾನು ಪಾತ್ರೆ ಕಟ್ಟಲ್ಲ. ಈ ಸಲ ನೀವು ಕೆಲಸ ಬಿಟ್ಟು ಹೊರಟ್ರೆ, ನೀವೊಬ್ರೇ ಹೊರಡಿ. ನಾನು, ಮಗಳು ಇಲ್ಲೇ ಇರ್ತೀವಿ."

"ನಾನೇನು ಬೇಕು ಅಂತ ಬಿಡ್ತೀನಾ?"

"ಬೇಕು ಅಂತ ಬಿಡಲ್ಲ. ಬಿಡು ಅಂತ ಯಾರೂ ಹೇಳಿರಲ್ಲ ಕೂಡ."

ಭಾವನ ಮೊಣಕಾಲು ಕುಣಿಯುತ್ತಿತ್ತು.

ಆ ಸಲೂನು ಉದ್ದನೆಯ ಕೋಣೆ. ಒಂದು ಗೋಡೆಗೆ ಮೂರು ಕುರ್ಚಿ, ಮೂರು ಕನ್ನಡಿ. ಮೂಲೆಯ ಕುರ್ಚಿಯಲ್ಲಿ ಸದಾ ಹಾಸ್ಯ ಮಾಡುವ ಒಬ್ಬ ಕೆಲಸಗಾರ. ಅವನನ್ನು ಎಲ್ಲರೂ ಮೂಲೆಯವನು ಎನ್ನುತ್ತಿದ್ದರು. ನಡುವಿನ ಕುರ್ಚಿ ಯಜಮಾನರ ಅಣ್ಣನ ಮಗನದು. ಬಾಗಿಲ ಕಡೆಯದು ಭಾವನದು. ಎದುರು ಗೋಡೆಗೆ ಬೆನ್ನು ಕೊಟ್ಟು ಯಜಮಾನರು ಕೂರುತ್ತಿದ್ದರು. ಅವರಿಗೆ ಮಂಡಿ ನೋವು. ಹಾಗಾಗಿ ಮುಖ ಸಾಮಾನ್ಯವಾಗಿ ಗಂಟಾಗಿಯೇ ಇರುತ್ತಿತ್ತು.

ಒಂದು ಬೆಳಿಗ್ಗೆ ಭಾವ "ನಮಸ್ಕಾರ" ಎಂದದ್ದಕ್ಕೆ ಯಜಮಾನರು ಹೂಂ ಅನ್ನಲಿಲ್ಲ. ಭಾವನ ಮನಸ್ಸು ಕೆಡಲು ಅಷ್ಟು ಸಾಕಾಯಿತು. ಊಟದ ಹೊತ್ತು ಹತ್ತಿರವಾದಾಗ ಒಬ್ಬ ಬಸ್ ಕಂಡಕ್ಟರ್ ಬಂದು ಭಾವನ ಕುರ್ಚಿಯಲ್ಲಿ ಕೂತು, "ಸುತ್ತ ಸ್ವಲ್ಪ ತೆಗೀರಿ ಸಾಕು" ಎಂದು ಕಣ್ಣು ಮುಚ್ಚಿದ. ರಾತ್ರಿ ಪಾಳಿ ಮುಗಿಸಿ ಬಂದವನು, ನಿದ್ದೆ ಹತ್ತಿತು. ಭಾವನ ಕತ್ತರಿ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಕಂಡಕ್ಟರ್ ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಬೇರೆ ಯಾರೋ ಇದ್ದರು.

"ಏನ್ರೀ ಇದು! ನಾನು ಮಲಗಿದ್ದೆ ಅಂತ ಕುರಿ ಬೋಳಿಸಿದ ಹಾಗೆ ಬೋಳಿಸಿಬಿಟ್ರಾ? ಈಗ ಡಿಪೋದಲ್ಲಿ ನನ್ನ ಕಾರ್ಡಿನ ಫೋಟೋ ನೋಡಿದ್ರೆ ನಾನೇ ಅಂತ ಯಾರು ನಂಬ್ತಾರೆ?"

ಮೂಲೆಯವನು ನಕ್ಕುಬಿಟ್ಟ. ಯಜಮಾನರು ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ಭಾವನ ಚೀಲ ಹೆಗಲ ಮೇಲಿತ್ತು, ಭಾವ ಬೀದಿಯಲ್ಲಿದ್ದರು.

ಅವತ್ತು ಅಕ್ಕನಿಗೆ ರಜೆ. ನಾನೂ ಮನೆಯಲ್ಲಿದ್ದೆ. ನಡುಮಧ್ಯಾಹ್ನ ಚೀಲದ ಸಮೇತ ಬಂದ ಭಾವನನ್ನು ನೋಡಿ ಅಕ್ಕನಿಗೆ ಎಲ್ಲ ಅರ್ಥವಾಯಿತು. ಒಗೆದ ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು.

"ಹೋಗು ಅಂದ್ರಾ?"

"ಅನ್ನೋ ಹಾಗೇ ಇದ್ರು."

"ನಾನು ಕೇಳಿದ್ದು ಅದಲ್ಲ. ಅಂದ್ರಾ?"

"ಎದ್ದು ನಿಂತ್ರು ಕಣೇ!"

"ಮನುಷ್ಯ ಅಂದ ಮೇಲೆ ಏಳದೆ ಇರ್ತಾನಾ? ರೀ, ಹೋಗಿ ಕೇಳ್ಕೊಂಡು ಬನ್ನಿ. ಹೋಗು ಅಂತ ಅವರ ಬಾಯಲ್ಲೇ ಬಂದ್ರೆ ನಾನೇ ಪಾತ್ರೆ ಕಟ್ತೀನಿ, ಒಂದು ಮಾತೂ ಆಡಲ್ಲ. ಕೇಳದೇ ಇದ್ರೆ ಮಾತ್ರ ಒಂದು ಲೋಟನೂ ಈ ಮನೆಯಿಂದ ಆಚೆ ಹೋಗಲ್ಲ."

ಭಾವ ಬಾಗಿಲಿಗೆ ಹೋದರು, ಕಿಟಕಿಗೆ ಬಂದರು. ನನ್ನ ಕಡೆ ನೋಡಿ, "ನೀನು ಓದಿದೋಳು, ನೀನಾದ್ರೂ ಹೇಳಮ್ಮ" ಎಂದರು. "ಚಪ್ಪಲಿ ಹಾಕ್ಕೊಳ್ಳಿ ಭಾವ, ಬಿಸಿಲಿದೆ" ಎಂದೆ. ಗಾಬರಿಯಲ್ಲಿ ಅವರು ಬರಿಗಾಲಲ್ಲೇ ಹೊರಡುವುದರಲ್ಲಿದ್ದರು.

ಬಿಟ್ಟುಬಂದ ಅಂಗಡಿಗೆ ಅವರು ತಿರುಗಿ ಹೋದದ್ದು ಅದೇ ಮೊದಲು. ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದರು. ಬೀದಿಯ ಕೊನೆಯ ತನಕ ಹೋಗಿ ಹಿಂದಕ್ಕೆ ತಿರುಗಿದರಂತೆ. ಮತ್ತೆ ಮುಂದಕ್ಕೆ ಹೋದರಂತೆ. ಬೀಗದ ಅಂಗಡಿಯ ಮುಂದೆ ನಿಂತು, ಬೇಡದ ಬೀಗವೊಂದಕ್ಕೆ ಚೌಕಾಸಿ ಮಾಡಿದರಂತೆ. ಕೊನೆಗೆ ಸಲೂನಿನ ಮೆಟ್ಟಿಲು ಹತ್ತಿದಾಗ ಯಜಮಾನರು ತಲೆ ಎತ್ತಿ, "ಊಟಕ್ಕೆ ಹೋಗೋರು ಹೇಳಿ ಹೋಗಬಾರದೇನಯ್ಯಾ? ಗಿರಾಕಿ ಬಂದು ಬಂದು ವಾಪಸ್ ಹೋದ್ರು" ಎಂದರು.

ಭಾವ ಮೆಟ್ಟಿಲ ಮೇಲೆ ನಿಂತೇ ಕೇಳಿದರು. "ನಾನು ಹೋಗಬೇಕಾ, ಇರಬೇಕಾ? ಬಾಯಿ ಬಿಟ್ಟು ಹೇಳಿಬಿಡಿ."

"ಎಲ್ಲಿಗೆ ಹೋಗ್ತೀಯ?"

"ಆ ಕಂಡಕ್ಟರ್ ಕೂದಲು..."

"ಬೆಳೆಯುತ್ತೆ ಬಿಡು. ಬೈದ, ಹೋದ. ನೀನು ನಿಂತು ಬೈಸಿಕೊಂಡಿದ್ರೆ ಅರ್ಧಕ್ಕೆ ಸುಮ್ಮನಾಗ್ತಿದ್ದ. ಓಡಿಹೋದೆ, ಪಾಪ ನಾನು ಪೂರ್ತಿ ಬೈಸಿಕೊಂಡೆ." ಯಜಮಾನರು ಮಂಡಿ ಉಜ್ಜುತ್ತ ಮತ್ತೆ ಹೇಳಿದರು. "ಬಂದಾಗಿನಿಂದ ನೋಡ್ತಿದ್ದೀನಿ. ಕತ್ತರಿ ಗಿರಾಕಿ ತಲೆ ಮೇಲಿರುತ್ತೆ, ನಿನ್ನ ಕಣ್ಣು ಕನ್ನಡಿಯಲ್ಲಿ ನನ್ನ ಮುಖದ ಮೇಲಿರುತ್ತೆ. ನನ್ನ ಮುಖ ನೋಡ್ಕೊಂಡು ಇನ್ನೊಬ್ಬರ ಕೂದಲು ಹೇಗಯ್ಯಾ ಕತ್ತರಿಸ್ತೀಯ?"

ಅದು ನಿಜವಾಗಿತ್ತು. ಭಾವ ಕೆಲಸ ಕಲಿತದ್ದು ತಮ್ಮ ತಂದೆಯ ಅಂಗಡಿಯಲ್ಲಿ. ತಂದೆ ಒಂದು ಮಾತೂ ಬೈಯುತ್ತಿರಲಿಲ್ಲವಂತೆ. ಹಿಂದಿನಿಂದ ಬಂದು ಕೈಯಿಂದ ಕತ್ತರಿ ಕಿತ್ತುಕೊಂಡು, ಮಗ ಮಾಡಿದ್ದನ್ನೆಲ್ಲ ಗಿರಾಕಿಯ ಎದುರಿಗೇ ಮತ್ತೆ ಮಾಡುತ್ತಿದ್ದರಂತೆ. ಅಪ್ಪ ಯಾವಾಗ ಎದ್ದು ಬರುತ್ತಾರೆಂದು ಕನ್ನಡಿಯಲ್ಲಿ ನೋಡುತ್ತಲೇ ಕೈ ಆಡಿಸುವುದು ಅಲ್ಲಿ ಬಂದ ಅಭ್ಯಾಸ. ತಂದೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕಣ್ಣು ಮಾತ್ರ ಕನ್ನಡಿಯಲ್ಲಿ ಅವರನ್ನೇ ಹುಡುಕುತ್ತಿತ್ತು.

ಸುಮ್ಮನೆ ಬಿಟ್ಟುಬಿಡು ಎಂದರೆ ಹೋಗುವ ಚಟವಲ್ಲ ಅದು. ಬಾಯಲ್ಲಿ 'ಇನ್ನೊಂಚೂರು' ಬಂದ ತಕ್ಷಣ ಕೈಗೆ ಬೇರೆ ಕೆಲಸ ಕೊಡಬೇಕು ಎಂದು ದಾರಿ ಹುಡುಕಿದ್ದು ಅಕ್ಕ. ಲಾಂಡ್ರಿಯಲ್ಲಿ ಅವಳಿಗೆ ಸಿಟ್ಟು ಬಂದಾಗ ಇಸ್ತ್ರಿಪೆಟ್ಟಿಗೆಯನ್ನು ಮೊದಲು ನಿಲ್ಲಿಸಿಡುತ್ತಾಳಂತೆ. ಇಲ್ಲದಿದ್ದರೆ ಬಟ್ಟೆ ಸುಡುತ್ತದೆ. "ನೀವೂ ಕತ್ತರಿ ಇಡಿ. ಬ್ರಷ್ ತಗೊಂಡು ಅವರ ಕತ್ತು ಒರೆಸಿ. ಆಮೇಲೆ ಎದುರಿಗೆ ಬಂದು ಅವರ ಮುಖ ನೋಡಿ ಕೇಳಿ, ಸಾಕಾ ಅಂತ" ಎಂದಳು.

ಕನ್ನಡಿಯ ಕೆಳಗೆ ಕತ್ತರಿ ತೊಳೆಯುವ ಔಷಧಿ ನೀರಿನ ಗಾಜಿನ ಲೋಟವಿತ್ತು. ಭಾವ ಕತ್ತರಿಯನ್ನು ಅದರಲ್ಲಿ ಬಿಡತೊಡಗಿದರು. ಟಣ್ ಅನ್ನುತ್ತಿತ್ತು. ಬ್ರಷ್ ಹಿಡಿದು ಕತ್ತು ಒರೆಸುವರು, ಸುತ್ತಿ ಎದುರಿಗೆ ಬರುವರು, "ಸಾಕಾ ಸರ್?" ಎನ್ನುವರು. ಮತ್ತೆ ಕತ್ತರಿ ಎತ್ತುವರು, ಮತ್ತೆ ಎಡಗಡೆ ಹೆಚ್ಚು ಕಾಣುವುದು, ಮತ್ತೆ ಟಣ್. ಒಬ್ಬನ ಕೂದಲು ಮುಗಿಯುವಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿ ಇಬ್ಬರು ಎದ್ದು ಹೋಗಿರುತ್ತಿದ್ದರು.

"ಗುರುವೇ, ಕತ್ತರಿಗೆ ಇವತ್ತು ಎಷ್ಟು ಸಲ ಸ್ನಾನ? ನೆಗಡಿ ಆಗಿಬಿಟ್ಟೀತು!" ಎಂದು ಮೂಲೆಯವನು ಕೂಗುತ್ತಿದ್ದ.

"ನಿನ್ನ ಕತ್ತರಿ ಸ್ನಾನ ಕಂಡೇ ಇಲ್ಲವಲ್ಲ, ಅದಕ್ಕೆ ನಿನಗೆ ಹೊಟ್ಟೆಕಿಚ್ಚು" ಎಂದು ಒಂದು ದಿನ ಭಾವ ತಿರುಗಿ ಹೇಳಿದರಂತೆ. ಮನೆಗೆ ಬಂದು ಅದನ್ನು ನಮಗೆ ಹೇಳಿ ತಾವೇ ನಕ್ಕರು. ನಕ್ಕ ಮೇಲೆ, "ಬೇಜಾರು ಮಾಡ್ಕೊಂಡಿರ್ತಾನಾ?" ಎಂದು ಎದ್ದು ಓಡಾಡತೊಡಗಿದರು.

ಎಲ್ಲ ದಿನವೂ ಸರಿಹೋಗಲಿಲ್ಲ. ಲೋಟ ಮರೆತು ಒಬ್ಬ ಅಂಚೆಯವನ ತಲೆಯ ಕೂದಲನ್ನು ಪೂರ್ತಿ ತೆಗೆದ ದಿನವೂ ಇತ್ತು. ಅವತ್ತು ಚೀಲ ಹೆಗಲಿಗೇರಿಸಿ ಮೆಟ್ಟಿಲ ತನಕ ಬಂದಿದ್ದರು. ಅಲ್ಲಿಂದಲೇ ತಿರುಗಿ, "ಯಜಮಾನ್ರೇ, ಊಟಕ್ಕೆ ಹೋಗ್ತೀನಿ" ಎಂದು ಕೂಗಿ ಹೇಳಿ ಬಂದರು. ಊಟ ಮಾಡಿ ವಾಪಸ್ ಹೋದರು. ಒಂದೊಂದು ತುತ್ತನ್ನೂ ನೀರು ಕುಡಿದು ಕುಡಿದು ಇಳಿಸಿದ್ದನ್ನು ನಾನೇ ನೋಡಿದೆ. ಗೆದ್ದವರ ಮುಖವನ್ನು ನಾನು ಪುಸ್ತಕ ಓದುವಾಗ ಬೇರೆ ತರಹ ಕಲ್ಪಿಸಿಕೊಂಡಿದ್ದೆ.

ಕಂಡಕ್ಟರ್ ಮತ್ತೆ ಬಂದ. ಕೂದಲು ಬೆಳೆದಿತ್ತು. ಉಳಿದ ಎರಡು ಕುರ್ಚಿಗಳಲ್ಲೂ ಜನರಿದ್ದರು. ಅವನು ಗಡಿಯಾರ ನೋಡಿ, ಭಾವನನ್ನು ನೋಡಿ, ನಿಟ್ಟುಸಿರುಬಿಟ್ಟು ಕೂತ.

"ಇವತ್ತು ನಾನು ನಿದ್ದೆ ಮಾಡಲ್ಲ. ಹೇಳಿದೀನಿ."

"ಮಾಡಬೇಡಿ ಸರ್."

ಅವತ್ತು ಯಜಮಾನರ ಮಂಡಿ ನೋವು ಜಾಸ್ತಿ ಇತ್ತು. ಕನ್ನಡಿಯ ತುಂಬ ಆ ಗಂಟು ಮುಖ. ಭಾವನ ಕತ್ತರಿ ಲೋಟಕ್ಕೆ ಬಿದ್ದೆದ್ದು ಬಿದ್ದೆದ್ದು ಮಾಡಿತು. ಬ್ರಷ್ಷಿನಿಂದ ಒರೆಸಿ ಒರೆಸಿ ಕಂಡಕ್ಟರನ ಕತ್ತು ಕೆಂಪಾಯಿತು. "ಕತ್ತು ಉಳಿಸಿ ಮಾರಾಯ್ರೆ" ಎಂದ. ಎರಡೂ ಕಡೆ ಚೆನ್ನಾಗಿಯೇ ಬರುತ್ತಿತ್ತು. ಅಷ್ಟರಲ್ಲಿ ಯಜಮಾನರು ನೋವಿಗೆ "ಛೆ!" ಎಂದರು. ಭಾವನ ಕಣ್ಣು ಕನ್ನಡಿಗೆ ಹಾರಿತು. ಕೈ ಜಾರಿತು. ಬಲಗಿವಿಯ ಮೇಲೆ ಬೆರಳಗಲದ ಒಂದು ಹಳ್ಳ ಬಿತ್ತು.

ಆ ಹಳ್ಳವನ್ನು ಮುಚ್ಚುವ ದಾರಿ ಅವರಿಗೆ ಗೊತ್ತಿತ್ತು. ಸುತ್ತಲಿನದನ್ನು ಅದರ ಮಟ್ಟಕ್ಕೆ ಇಳಿಸುವುದು, ಆಮೇಲೆ ಎಡಗಡೆ, ಆಮೇಲೆ ಹಿಂದೆ. ಇಷ್ಟು ವರ್ಷ ಅವರು ಮಾಡುತ್ತ ಬಂದದ್ದು ಅದನ್ನೇ. ಕತ್ತರಿ ಅದಾಗಲೇ ಬಾಯಿ ತೆರೆದಿತ್ತು. ಬಾಗಿಲ ಪಕ್ಕದಲ್ಲಿ ಚೀಲವೂ ಇತ್ತು.

ಟಣ್.

ಅವರು ಎದುರಿಗೆ ಬಂದು ನಿಂತರು. "ಸರ್, ನನ್ನ ಕೈ ತಪ್ಪಿತು. ಬಲಗಿವಿ ಮೇಲೆ ಒಂದು ಕಡೆ ಜಾಸ್ತಿ ಹೋಗಿದೆ. ಸರಿ ಮಾಡ್ತೀನಿ ಅಂತ ಹೊರಟ್ರೆ ಹೋದ ಸಲದ ಹಾಗೇ ಆಗುತ್ತೆ. ಹೀಗೇ ಬಿಟ್ರೆ ತಾನಾಗೇ ಬೆಳೆದು ಕೂಡಿಕೊಳ್ಳುತ್ತೆ. ನೀವು ಹೇಗೆ ಹೇಳಿದ್ರೆ ಹಾಗೆ."

ಮೂಲೆಯವನು ಕತ್ತರಿ ನಿಲ್ಲಿಸಿ ತಿರುಗಿ ನೋಡಿದ. ಕಂಡಕ್ಟರ್ ಕನ್ನಡಿಗೆ ಬಾಗಿ ಕಿವಿ ಮಡಚಿ ನೋಡಿಕೊಂಡ. ಬೆರಳಿಟ್ಟು ಮುಟ್ಟಿದ. ಎರಡು ಮಾತು ಬೈದ. ಭಾವ ನಿಂತೇ ಇದ್ದರು, ಬೈಸಿಕೊಂಡರು. ಮೂರನೆಯ ಮಾತಿಗೆ ಅವನ ಸಿಟ್ಟು ಇಳಿದಿತ್ತು. "ಬಿಡಿ, ಡ್ಯೂಟಿಯಲ್ಲಿ ಟೋಪಿ ಹಾಕ್ತೀನಿ. ಉಳಿದದ್ದು ಮುಟ್ಟಬೇಡಿ, ಕೈ ಮುಗೀತೀನಿ" ಎಂದು ಎದ್ದ.

ಅವನು ಹೋದ ಮೇಲೆ ಯಜಮಾನರು, "ಇಲಿ ಕಚ್ಚಿದ ಹಾಗೆ ಮಾಡಿ ಕಳಿಸಿದ್ಯಲ್ಲಯ್ಯಾ" ಎಂದರು.

"ಹೌದು" ಎಂದರು ಭಾವ. ಬಟ್ಟೆ ಕೊಡವಿ, ಬಾಗಿಲಲ್ಲಿ ಕಾಯುತ್ತಿದ್ದವರನ್ನು "ಬನ್ನಿ ಸರ್" ಎಂದು ಕರೆದರು.

ಆ ಸಂಜೆ ಅವರು ಮನೆಗೆ ಬಂದಾಗ ಪುಟ್ಟಿ ಮತ್ತು ಅವಳ ಗೆಳತಿ ನೆಲದ ಮೇಲೆ ಕಾಗದ ಹರಡಿಕೊಂಡಿದ್ದರು. ಭಾವ ಅವರನ್ನು ದಾಟಿ ಒಳಗೆ ಬಂದು ಕೂತರು, ಎದ್ದರು, ಬಾಗಿಲ ಹಿಂದೆ ನೋಡಿದರು, ಹೆಗಲು ಮುಟ್ಟಿಕೊಂಡರು, ಮತ್ತೆ ಕೂತರು.

"ಏನ್ರೀ ಹುಡುಕ್ತಿದ್ದೀರಾ?" ಎಂದಳು ಅಕ್ಕ.

"ಚೀಲ."

ಅಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಎಲ್ಲಿ ಬಿಟ್ರಿ?"

"ಅಂಗಡಿಯಲ್ಲೇ. ಮೊಳೆಗೆ ಹಾಕಿ ಬಂದೆ." ಹೇಳಿ ಮತ್ತೆ ಎದ್ದರು. ಬಾಗಿಲ ತನಕ ಹೋಗಿ ಬೀದಿಯನ್ನು ಆ ಕಡೆ ಈ ಕಡೆ ನೋಡಿದರು. "ಕಳೆದುಹೋಗಲ್ಲ ತಾನೇ?"

"ಇಲ್ಲ, ಬನ್ನಿ."

"ಒಂದು ಸಲ ಹೋಗಿ ನೋಡ್ಕೊಂಡು ಬರಲಾ?"

"ಅಪ್ಪ, ಕಾಗದ ತುಳೀಬೇಡ!" ಎಂದು ಪುಟ್ಟಿ ಕಿರುಚಿದಳು. "ಸುಮ್ನೆ ಓಡಾಡೋ ಬದಲು ಇಲ್ಲಿ ಕೂತು ಇದನ್ನ ಕತ್ತರಿಸಿಕೊಡು. ಗೆರೆ ಮೇಲೆ ಅಷ್ಟೇ. ಇನ್ನೊಂಚೂರೂ ಆಚೆ ಹೋಗಬಾರದು."

ಗೆಳತಿ ಕಿಸಕ್ಕನೆ ನಕ್ಕಳು. ಭಾವ ಅವಳನ್ನು ನೋಡಿದರು, ಬಾಗಿಲನ್ನು ನೋಡಿದರು, ಆಮೇಲೆ ಮಕ್ಕಳ ಪುಟ್ಟ ಕತ್ತರಿ ತೆಗೆದುಕೊಂಡು ನೆಲದ ಮೇಲೆ ಕೂತರು. ಮೊಣಕಾಲು ಕುಣಿಯುತ್ತಲೇ ಇತ್ತು.